ಲಂಗ ತೊಟ್ಟ ಗಂಡಸು: ಧೈರ್ಯ ಯಾರದು, ಅವಮಾನ ಯಾರಿಗೆ?

1998ರಲ್ಲಿ ಫ್ರಾನ್ಸಿನಲ್ಲಿ ವಿಶ್ವಕಪ್ ಫುಟ್‌ಬಾಲ್ ಶುರುವಾಗುವ ಹೊತ್ತಿಗೆ ಇಂಗ್ಲೆಂಡಿನ ಆಟಗಾರ ಡೇವಿಡ್ ಬೆಕಮ್ ಸೊಂಟಕ್ಕೆ ಸರಾಂಗ್ ಸುತ್ತಿಕೊಂಡು ಹೊರಗೆ ತಿರುಗಾಡಿದ್ದು ಅಲ್ಲಿನ ಪತ್ರಿಕೆಗಳಿಗೆ ದೊಡ್ಡ ಸುದ್ದಿಯಾಯಿತು. ಆಟಗಾರ ಲಂಗ ತೊಟ್ಟನೆಂದು ನಕ್ಕವರಿದ್ದರು, ಹೊಸ ಬಗೆಯ ಗಂಡಸು ಹುಟ್ಟಿದನೆಂದು ಕೊಂಡಾಡಿದವರೂ ಇದ್ದರು. ಅದೇ ಚಿತ್ರವನ್ನು ಮಂಗಳೂರಿನ ಬಂದರಿನಲ್ಲಿ ಮೀನಿನ ಬುಟ್ಟಿ ಹೊರುವವನಿಗೆ ತೋರಿಸಿದ್ದರೆ ಅವನಿಗೆ ಕಾಣುತ್ತಿದ್ದುದು ಒಂದು ಲುಂಗಿ, ಅಷ್ಟೆ. ಒಂದೇ ಬಟ್ಟೆ ಒಂದು ಕಡೆ ಸಾಹಸವಾಗುತ್ತದೆ, ಇನ್ನೊಂದು ಕಡೆ ದಿನನಿತ್ಯದ ಉಡುಪಾಗುತ್ತದೆ ಎಂದ ಮೇಲೆ ಸಾಹಸ ಇರುವುದು ಬಟ್ಟೆಯಲ್ಲಂತೂ ಅಲ್ಲ. ಹಾಗಾದರೆ ಅದು ಎಲ್ಲಿದೆ?

ಈ ಪ್ರಶ್ನೆಯನ್ನು ದೊಡ್ಡ ಮಟ್ಟದಲ್ಲಿ ಎತ್ತಿಕೊಂಡವರು ವಸ್ತುಸಂಗ್ರಹಾಲಯದವರು. 2002ರಲ್ಲಿ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ ಸ್ಕರ್ಟ್ ತೊಟ್ಟ ಗಂಡಸರ ಕುರಿತು ಒಂದು ಪ್ರದರ್ಶನ ಏರ್ಪಡಿಸಿತು. ಅದೇ ಪ್ರದರ್ಶನ ಹಿಗ್ಗಿ, 2003ರ ನವೆಂಬರ್‌ನಿಂದ 2004ರ ಫೆಬ್ರವರಿವರೆಗೆ ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಮ್ಯೂಸಿಯಂನಲ್ಲಿ ‘ಬ್ರೇವ್‌ಹಾರ್ಟ್ಸ್: ಮೆನ್ ಇನ್ ಸ್ಕರ್ಟ್ಸ್’ ಎಂಬ ಹೆಸರಿನಲ್ಲಿ ನಡೆಯಿತು. ಆಂಡ್ರ್ಯೂ ಬೋಲ್ಟನ್ ಇದರ ಸಂಯೋಜಕರು. ಇದೇ ಹೆಸರಿನ ಅವರ ಪುಸ್ತಕವೂ ಬಂತು. ನೆರವು ಕೊಟ್ಟವರು ಫ್ರಾನ್ಸಿನ ವಸ್ತ್ರವಿನ್ಯಾಸಕಾರ ಝಾನ್ ಪಾಲ್ ಗೋಲ್ಟಿಯೆ. 1980ರ ದಶಕದ ನಡುವಿನಲ್ಲೇ ಗಂಡಸರಿಗೆ ಸ್ಕರ್ಟ್ ತೊಡಿಸಿ ವೇದಿಕೆಯ ಮೇಲೆ ನಡೆಸಿದವರು ಇವರು. ಸ್ಕರ್ಟ್ ಮಾರುವವರೇ ಸ್ಕರ್ಟಿನ ಪ್ರದರ್ಶನಕ್ಕೆ ಹಣ ಕೊಟ್ಟರು ಎಂಬುದನ್ನು ಮರೆಯದೆ ಮುಂದೆ ಹೋಗೋಣ.

ಪ್ರದರ್ಶನದ ವಾದ ಸರಳವಾದುದು. ಎರಡು ಕಾಲಿಗೆ ಎರಡು ತೋಳಿನ ಹಾಗೆ ಸೀಳಿದ ಪ್ಯಾಂಟೇ ಗಂಡಸಿನ ಸಹಜ ಉಡುಪು ಎಂಬ ನಂಬಿಕೆಗೆ ಚರಿತ್ರೆಯಲ್ಲಿ ಆಧಾರವಿಲ್ಲ. ಜಗತ್ತಿನ ಬಹುಭಾಗದಲ್ಲಿ ಗಂಡಸರು ಸೀಳಿಲ್ಲದ ಬಟ್ಟೆಯನ್ನೇ ಉಟ್ಟಿದ್ದಾರೆ. ಇದು ಒಪ್ಪತಕ್ಕ ಮಾತು. ರೋಮನರ ಟ್ಯೂನಿಕ್, ಜಪಾನಿನ ಕಿಮೋನೊ, ಆಗ್ನೇಯ ಏಷ್ಯಾದ ಸರಾಂಗ್, ನಮ್ಮ ಪಂಚೆ, ಲುಂಗಿ, ಮುಂಡು ಎಲ್ಲವೂ ಇದಕ್ಕೆ ಸಾಕ್ಷಿ. ಪ್ರವಾದಿವರ್ಯರ(ಸ) ಕಾಲದ ಅರಬ್ ಗಂಡಸರು ಸೊಂಟಕ್ಕೆ ಇಝಾರ್, ಹೆಗಲಿಗೆ ರಿದಾ ಹೊದೆಯುತ್ತಿದ್ದರು. ಇಂದಿಗೂ ಹಜ್‌ಗೆ ಹೋಗುವ ಗಂಡಸು ಹೊಲಿಗೆಯಿಲ್ಲದ ಎರಡು ಬಟ್ಟೆ ಸುತ್ತಿಕೊಳ್ಳುತ್ತಾನೆ. ಆ ಉಡುಪಿನಲ್ಲಿ ಅರಸನೂ ಕೂಲಿಯವನೂ ಒಂದೇ. ಪ್ಯಾಂಟಿನ ಏಕಾಧಿಪತ್ಯ ಇತ್ತೀಚಿನದು ಎಂದು ಸಾವಿರಾರು ಜನರಿಗೆ ಕಣ್ಣಾರೆ ತೋರಿಸಿದ್ದು ಈ ಪ್ರದರ್ಶನದ ಗುಣ.

ಆದರೆ ಇಲ್ಲೇ ಒಂದು ತೊಡಕಿದೆ. ಲುಂಗಿ, ಕಿಮೋನೊ, ಜುಬ್ಬಗಳನ್ನೆಲ್ಲ ಸ್ಕರ್ಟ್ ಎಂಬ ಒಂದೇ ಸಾಲಿನಲ್ಲಿ ನಿಲ್ಲಿಸುವುದು ದರ್ಜಿಯ ಕಣ್ಣಿಗೆ ಸರಿ, ಉಡುವವನ ಅನುಭವಕ್ಕೆ ಸರಿಯಲ್ಲ. ಲುಂಗಿ ಉಟ್ಟವನು ತಾನು ಲಂಗ ತೊಟ್ಟಿದ್ದೇನೆಂದು ಎಂದೂ ಭಾವಿಸುವುದಿಲ್ಲ. ಮಂಡಿಯ ಮೇಲಕ್ಕೆ ಮಡಚಿ ಕಟ್ಟಿ ಜಗಳಕ್ಕೆ ನಿಲ್ಲುವಾಗ ಅದು ಗಂಡಸುತನದ ಪತಾಕೆ. ಹಿರಿಯರು ಎದುರಾದಾಗ ಕೆಳಗೆ ಬಿಡುವುದು ಮರ್ಯಾದೆ. ಕೇರಳದಲ್ಲಿ ಮುಂಡಿನ ತುದಿಯನ್ನು ಎಡಕ್ಕೆ ಸಿಕ್ಕಿಸಿದರೆ ಮುಸ್ಲಿಮ, ಬಲಕ್ಕೆ ಸಿಕ್ಕಿಸಿದರೆ ಹಿಂದೂ ಎಂದು ಗುರುತಿಸುವ ರೂಢಿಯೂ ಇತ್ತು. ಇಷ್ಟೆಲ್ಲ ಅರ್ಥ ಹೊರಬಲ್ಲ ಬಟ್ಟೆಗೆ ಹೆಣ್ಣಿನ ಅರ್ಥ ಮಾತ್ರ ಅಂಟಲಿಲ್ಲ. ಅಂದಮೇಲೆ ಕಾಲುಗಳ ನಡುವೆ ಸೀಳು ಇದೆಯೋ ಇಲ್ಲವೋ ಎಂಬುದು ಪ್ರಶ್ನೆಯೇ ಅಲ್ಲ. ‘ಇದು ಹೆಂಗಸರ ಬಟ್ಟೆ’ ಎಂಬ ಹೆಸರು ಯಾವುದಕ್ಕೆ ಅಂಟಿದೆಯೋ ಅದನ್ನು ಗಂಡಸು ಮುಟ್ಟಲಾರ. ನಮ್ಮ ಲುಂಗಿಯನ್ನು ತಂದು ಗಾಜಿನ ಪೆಟ್ಟಿಗೆಯಲ್ಲಿ ಸಾಹಸವೆಂದು ತೋರಿಸಿದ ಪ್ರದರ್ಶನ ಈ ಹೆಸರಿನ ಕಡೆಗೆ ಸಾಕಷ್ಟು ನೋಡಲಿಲ್ಲ.

ಪ್ರದರ್ಶನದ ಹೆಸರನ್ನೇ ನೋಡಿ. ಬ್ರೇವ್‌ಹಾರ್ಟ್ಸ್ ಎಂದರೆ ಧೀರಹೃದಯರು. 1995ರ ಹಾಲಿವುಡ್ ಚಿತ್ರ ‘ಬ್ರೇವ್‌ಹಾರ್ಟ್’ನಿಂದ ಬಂದ ಹೆಸರು. ಸ್ಕಾಟ್‌ಲ್ಯಾಂಡಿನ ವೀರ ವಿಲಿಯಂ ವಾಲೆಸ್ ಅದರಲ್ಲಿ ಕಿಲ್ಟ್ ತೊಟ್ಟು ಕಾದಾಡುತ್ತಾನೆ. ವಾಲೆಸ್ ಸತ್ತದ್ದು 1305ರಲ್ಲಿ. ಮೈಗೆ ಸುತ್ತಿ ಪಟ್ಟಿ ಬಿಗಿಯುವ ದೊಡ್ಡ ಕಿಲ್ಟ್ ದಾಖಲೆಗೆ ಬರುವುದು 16ನೇ ಶತಮಾನದ ಕೊನೆಗೆ. ಸೊಂಟದಿಂದ ಮಂಡಿಯವರೆಗಿನ ಇಂದಿನ ಗಿಡ್ಡ ಕಿಲ್ಟ್ ಇನ್ನೂ ಈಚಿನದು. 18ನೇ ಶತಮಾನದಲ್ಲಿ ಥಾಮಸ್ ರಾಲಿನ್‌ಸನ್ ಎಂಬ ಇಂಗ್ಲಿಷ್ ಕಬ್ಬಿಣದ ಉದ್ಯಮಿ ತನ್ನ ಕೆಲಸಗಾರರ ಅನುಕೂಲಕ್ಕೆ ಅದನ್ನು ರೂಪಿಸಿದನೆಂದು ಚರಿತ್ರಕಾರ ಹ್ಯೂ ಟ್ರೆವರ್-ರೋಪರ್ 1983ರಲ್ಲಿ ಬರೆದದ್ದು ಸ್ಕಾಟರನ್ನು ಕೆರಳಿಸಿತು. ಆ ವಾದ ಇನ್ನೂ ಮುಗಿದಿಲ್ಲ. ವಿವಾದವಿಲ್ಲದ ಸಂಗತಿ ಇದು: 1745ರ ದಂಗೆಯನ್ನು ಹತ್ತಿಕ್ಕಿದ ಬ್ರಿಟಿಷ್ ಸರ್ಕಾರ 1746ರಲ್ಲಿ ಹೈಲ್ಯಾಂಡಿನ ಗಂಡಸರ ಉಡುಪನ್ನು ಕಾನೂನಿನ ಮೂಲಕ ನಿಷೇಧಿಸಿತು. ಮೊದಲ ಬಾರಿ ಸಿಕ್ಕಿಬಿದ್ದರೆ 6 ತಿಂಗಳ ಸೆರೆ, ಮತ್ತೊಮ್ಮೆಯಾದರೆ 7 ವರ್ಷ ಗಡೀಪಾರು. ಸರ್ಕಾರದ ಸೈನ್ಯದಲ್ಲಿ ಸೇರಿದವರಿಗೆ ಮಾತ್ರ ವಿನಾಯಿತಿ. 1782ರಲ್ಲಿ ನಿಷೇಧ ತೆರವಾಯಿತು. 1822ರಲ್ಲಿ ದೊರೆ ನಾಲ್ಕನೆಯ ಜಾರ್ಜ್ ಎಡಿನ್‌ಬರೋಗೆ ಬಂದಾಗ, ಕಾದಂಬರಿಕಾರ ವಾಲ್ಟರ್ ಸ್ಕಾಟ್ ಹೂಡಿದ ವೈಭವದಲ್ಲಿ, ಸ್ವತಃ ದೊರೆಯೇ ಕಿಲ್ಟ್ ತೊಟ್ಟು ನಿಂತ. ಬಂಡಾಯಗಾರನ ಬಟ್ಟೆ ಎಪ್ಪತ್ತಾರು ವರ್ಷಗಳಲ್ಲಿ ದೊರೆಯ ಬಟ್ಟೆಯಾಯಿತು. ಕಿಲ್ಟಿಗೆ ಗಂಡಸುತನದ ಮುದ್ರೆ ಒತ್ತಿದ್ದು ಯುದ್ಧ ಮತ್ತು ರಾಜ್ಯಾಧಿಕಾರ. ಅದರ ಬೆನ್ನಿಗೆ ಬಂದೂಕು ಇರುವುದರಿಂದಲೇ ಅದನ್ನು ಯಾರೂ ಲಂಗ ಎನ್ನುವುದಿಲ್ಲ.

ಪ್ಯಾಂಟಿನ ಕಥೆಯೂ ಇಂತಹದೇ. 18ನೇ ಶತಮಾನದ ಕೊನೆಯವರೆಗೂ ಯುರೋಪಿನ ಸಿರಿವಂತ ಗಂಡಸರು ರೇಷ್ಮೆ, ಕಸೂತಿ, ಎತ್ತರದ ಹಿಮ್ಮಡಿ, ಬಣ್ಣದ ಬಟ್ಟೆಗಳಲ್ಲಿ ಹೆಂಗಸರನ್ನು ಮೀರಿಸುತ್ತಿದ್ದರು. ಆಮೇಲೆ ಅವರೆಲ್ಲ ಕಪ್ಪು, ಬೂದು ಬಣ್ಣದ ಸೂಟಿಗೆ ಇಳಿದರು. ಮನಶ್ಶಾಸ್ತ್ರಜ್ಞ ಜೆ.ಸಿ. ಫ್ಲೂಗೆಲ್ 1930ರ ತನ್ನ ಪುಸ್ತಕದಲ್ಲಿ ಇದನ್ನು ಪುರುಷರ ಮಹಾತ್ಯಾಗ ಎಂಬರ್ಥದ ಹೆಸರಿನಿಂದ ಕರೆದ. 1929ರಲ್ಲಿ ಲಂಡನ್ನಿನಲ್ಲಿ ಗಂಡಸರ ಉಡುಪಿನ ಸುಧಾರಣೆಗೆಂದೇ ಒಂದು ಸಂಘ ಹುಟ್ಟಿತ್ತು, ಫ್ಲೂಗೆಲ್ ಅದರಲ್ಲಿದ್ದ. ಬಿಗಿ ಕಾಲರು, ದಪ್ಪ ಪ್ಯಾಂಟು ಬಿಟ್ಟು ಚಡ್ಡಿ, ಕಿಲ್ಟ್, ಸಡಿಲ ಅಂಗಿ ತೊಡಿ ಎಂದು ಅವರು ಆರೋಗ್ಯದ ಹೆಸರಿನಲ್ಲಿ ಬೋಧಿಸಿದರು. 1940ರ ಹೊತ್ತಿಗೆ ಸಂಘ ಮುಚ್ಚಿತು. ಗಾಳಿ ಬೆಳಕಿನ ವಾದಕ್ಕೆ ಗಂಡಸರು ಸೋಲಲಿಲ್ಲ. ಆ ಕಪ್ಪು ಸೂಟಿನಲ್ಲಿ ಅಧಿಕಾರವಿತ್ತು. ಅದನ್ನು ಬಿಡುವುದು ಸುಲಭವಿರಲಿಲ್ಲ. ನಮ್ಮಲ್ಲೂ ಮೇಲೆ ಕೋಟು, ತಲೆಗೆ ಪೇಟ, ಕೆಳಗೆ ಕಚ್ಚೆಪಂಚೆ ಎಂಬ ಗುಮಾಸ್ತರ ವೇಷ ಬಹುಕಾಲ ನಡೆದು, ಕೊನೆಗೆ ಕಚೇರಿಯಲ್ಲಿ ಪ್ಯಾಂಟೇ ಗೆದ್ದಿತು. ಇಂದು ನಮ್ಮ ಗಂಡಸರು ಮನೆಯಲ್ಲಿ ಲುಂಗಿ, ಹೊರಗೆ ಪ್ಯಾಂಟು ಎಂದು ದಿನಕ್ಕೆರಡು ಬಾರಿ ಈ ಚರಿತ್ರೆಯನ್ನು ಉಟ್ಟು ಬಿಚ್ಚುತ್ತಾರೆ.

ಹೆಣ್ಣು ಪ್ಯಾಂಟು ತೊಟ್ಟಾಗ ಏನಾಯಿತು? ಪ್ಯಾರಿಸಿನಲ್ಲಿ 1800ರ ಒಂದು ಆದೇಶದ ಪ್ರಕಾರ ಗಂಡಸಿನ ಉಡುಪು ತೊಡಬಯಸುವ ಹೆಂಗಸು ಪೊಲೀಸರ ಅನುಮತಿ ಪಡೆಯಬೇಕಿತ್ತು. ಮುಂದೆ ಕುದುರೆಯ ಲಗಾಮೋ ಸೈಕಲ್ಲಿನ ಹಿಡಿಯೋ ಕೈಯಲ್ಲಿದ್ದರೆ ವಿನಾಯಿತಿ ಎಂದು ಸಡಿಲಿಸಿದರು. ಈ ಆದೇಶಕ್ಕೆ ಬೆಲೆಯಿಲ್ಲವೆಂದು ಫ್ರೆಂಚ್ ಸರ್ಕಾರ ವಿಧಿವತ್ತಾಗಿ ಹೇಳಿದ್ದು 2013ರಲ್ಲಿ! ಆದರೂ ಹೆಣ್ಣು ಬಹಳ ಹಿಂದೆಯೇ ಆ ಗೋಡೆ ಹಾರಿದ್ದಳು. ಮೊದಲು ಬೈಗುಳ ತಿಂದಳು, ಆಮೇಲೆ ಒಪ್ಪಿಗೆ ಪಡೆದಳು. ಏಕೆಂದರೆ ಸಮಾಜ ಕಟ್ಟಿದ ಏಣಿಯಲ್ಲಿ ಅವಳು ಮೇಲಿನ ಮೆಟ್ಟಿಲಿಗೆ ಹತ್ತುತ್ತಿದ್ದಳು. ಹತ್ತುವವರನ್ನು ಜನ ತಡೆಯುತ್ತಾರೆ, ಅಸೂಯೆಪಡುತ್ತಾರೆ, ಆದರೆ ಯಾಕೆ ಹತ್ತುತ್ತೀಯೆಂದು ಬೆರಗಾಗುವುದಿಲ್ಲ. ಲಂಗ ತೊಡುವ ಗಂಡಸು ಅದೇ ಏಣಿಯಲ್ಲಿ ಇಳಿಯುತ್ತಾನೆ. ಬೇಕೆಂದೇ ಯಾರಾದರೂ ಇಳಿಯುವುದುಂಟೆ ಎಂಬುದೇ ಜನರ ನಗುವಿನ ಮೂಲ. ಹೀಗಾಗಿ ಅವನನ್ನು ಧೀರನೆಂದು ಹೊಗಳುವಾಗ ನಾವು ಒಪ್ಪಿಕೊಳ್ಳುವುದು ಒಂದೇ: ಹೆಣ್ಣಿನಂತೆ ಕಾಣುವುದು ಎದೆಗಾರಿಕೆ ಬೇಕಾಗುವಷ್ಟು ದೊಡ್ಡ ಅಪಾಯ, ಅಷ್ಟು ಕೀಳು ಸ್ಥಿತಿ. ನ್ಯೂಯಾರ್ಕಿನ ಪ್ರದರ್ಶನದ ಹೆಸರು ಗಂಡಸನ್ನು ಹೊಗಳಿ, ತನಗೇ ತಿಳಿಯದಂತೆ ಹೆಣ್ಣನ್ನು ಹಳಿದಿದೆ.

ಇದನ್ನು ಅರಿಯಲು ನಾವು ನ್ಯೂಯಾರ್ಕಿಗೆ ಹೋಗಬೇಕಾಗಿಲ್ಲ. ‘ನಾವೇನು ಕೈಗೆ ಬಳೆ ತೊಟ್ಟು ಕೂತಿಲ್ಲ’ ಎಂಬ ಮಾತು ಚುನಾವಣೆಯ ವೇದಿಕೆಗಳಲ್ಲಿ ಎಷ್ಟು ಬಾರಿ ಕೇಳಿಲ್ಲ? ಕೆಲಸ ಮಾಡದ ಅಧಿಕಾರಿಗೆ ಸೀರೆ, ಬಳೆ, ಕುಂಕುಮ ಕೊಡಲು ಹೊರಡುವ ಪ್ರತಿಭಟನೆ ನಮ್ಮಲ್ಲಿ ಎಲ್ಲ ಪಕ್ಷಗಳಿಗೂ ಸಮ್ಮತ. ಮಂಗಳದ ಗುರುತೆಂದು ಮದುವೆಯಲ್ಲಿ ಕೊಡುವ ಅದೇ ಬಳೆ ಕಚೇರಿಯ ಬಾಗಿಲಲ್ಲಿ ಬೈಗುಳವಾಗುತ್ತದೆ. ಶಾಲೆಯಲ್ಲಿ ಅಳುವ ಹುಡುಗನಿಗೆ ಲಂಗ ಹಾಕಿಕೋ ಎನ್ನುವ ಮೇಷ್ಟ್ರ ಎದುರಿನ ಬೆಂಚಿನಲ್ಲಿ ಲಂಗ ಹಾಕಿಕೊಂಡೇ ಕುಳಿತ ಹುಡುಗಿಯರಿರುತ್ತಾರೆ. ಆ ಮಾತು ಹುಡುಗನಿಗೆ ಒಂದು ದಿನದ ಅವಮಾನ. ಹುಡುಗಿಯರಿಗೆ ಅದು ಜೀವನದ ಪಾಠ.

ಈ ಬೈಗುಳವನ್ನು ಸರ್ಕಾರವೇ ಶಿಕ್ಷೆಯಾಗಿ ಬಳಸಿದರೆ? ಇರಾನಿನಲ್ಲಿ ಹಾಗಾಯಿತು. 2009ರ ಡಿಸೆಂಬರ್‌ನಲ್ಲಿ ತೆಹರಾನಿನ ವಿದ್ಯಾರ್ಥಿ ನಾಯಕ ಮಜೀದ್ ತವಕ್ಕೊಲಿ ಭಾಷಣ ಮಾಡಿ ಬಂಧಿತನಾದ. ಅವನು ಹೆಂಗಸಿನ ವೇಷದಲ್ಲಿ ತಪ್ಪಿಸಿಕೊಳ್ಳುತ್ತಿದ್ದನೆಂದು ಹೇಳಿ, ತಲೆವಸ್ತ್ರ ಹೊದ್ದ ಅವನ ಚಿತ್ರವನ್ನು ಸರ್ಕಾರದ ಪರವಾದ ಸುದ್ದಿಸಂಸ್ಥೆ ಪ್ರಕಟಿಸಿತು. ಬೆಂಬಲಿಗರು ಅದನ್ನು ಅಲ್ಲಗಳೆದರು. ನೂರಾರು ಇರಾನಿ ಗಂಡಸರು ತಾವೂ ತಲೆವಸ್ತ್ರ ಹೊದ್ದು ಚಿತ್ರ ತೆಗೆಸಿಕೊಂಡು ಅಂತರ್ಜಾಲದಲ್ಲಿ ಹಾಕಿದರು. 2013ರ ಏಪ್ರಿಲ್‌ನಲ್ಲಿ ಕುರ್ದ್ ಪ್ರದೇಶದ ಮರಿವಾನ್ ಪಟ್ಟಣದಲ್ಲಿ, ಕೌಟುಂಬಿಕ ಪ್ರಕರಣವೊಂದರಲ್ಲಿ ತಪ್ಪಿತಸ್ಥನಾದವನಿಗೆ ಕುರ್ದ್ ಹೆಂಗಸರ ಕೆಂಪು ಉಡುಪು ತೊಡಿಸಿ ಬೀದಿಯಲ್ಲಿ ಮೆರವಣಿಗೆ ಮಾಡಲಾಯಿತು. ಮರಿವಾನಿನ ಮಹಿಳೆಯರು ಇದರ ವಿರುದ್ಧ ಬೀದಿಗಿಳಿದರು. ಬೆನ್ನಿಗೆ ಕುರ್ದ್ ಗಂಡಸರು ಹೆಂಗಸರ ಉಡುಪು ತೊಟ್ಟು ತಮ್ಮ ಚಿತ್ರಗಳನ್ನು ಹರಡಿದರು. ಹೆಣ್ಣಾಗಿರುವುದು ಯಾರಿಗೂ ಶಿಕ್ಷೆಯಲ್ಲ, ಅವಮಾನವಲ್ಲ ಎಂಬುದು ಅವರ ಮಾತಿನ ತಿರುಳು. ಇರಾನ್ ಸಂಸತ್ತಿನ ಕೆಲವು ಸದಸ್ಯರು ಕೂಡ ಇಂತಹ ಶಿಕ್ಷೆ ಮುಸ್ಲಿಮ್ ಮಹಿಳೆಯರಿಗೆ ಮಾಡಿದ ಅಪಮಾನವೆಂದು ಆಕ್ಷೇಪಿಸಿದರು.

ಇಲ್ಲಿ ನಡೆದದ್ದನ್ನು ಸರಿಯಾಗಿ ಗಮನಿಸಬೇಕು. ಮರಿವಾನಿನ ಗಂಡಸರು ಹೊಸ ಫ್ಯಾಶನ್ ಹುಡುಕಲಿಲ್ಲ, ತಾವು ಧೀರರೆಂದು ಹೇಳಿಕೊಳ್ಳಲಿಲ್ಲ. ಅವರ ತಾಯಿ, ಅಕ್ಕತಂಗಿಯರ ಉಡುಪನ್ನು ನ್ಯಾಯಾಲಯ ಚಾವಟಿಯಂತೆ ಬಳಸಿತ್ತು. ‘ಇದರಲ್ಲಿ ನೋವಿಲ್ಲ, ನೋಡಿ’ ಎಂದು ಅದನ್ನು ತಾವೇ ಉಟ್ಟು ಆ ಚಾವಟಿಯ ಬಿಸಿ ಕಿತ್ತರು. ಗಂಡಸು ಹೆಣ್ಣಿನ ಉಡುಪು ತೊಟ್ಟ ಚರಿತ್ರೆಯಲ್ಲಿ ನನಗೆ ಅತ್ಯಂತ ಅರ್ಥಪೂರ್ಣವಾಗಿ ಕಾಣುವುದು ಈ ಪ್ರಸಂಗ. ಯಾವ ಮ್ಯೂಸಿಯಮ್ಮಿನ ಗಾಜಿನ ಪೆಟ್ಟಿಗೆಯೂ ಇದರ ಹತ್ತಿರ ಬಾರದು.

ಅದೇ ಕಾಲದಲ್ಲಿ ಲಂಗವನ್ನು ಪ್ರತಿಭಟನೆಗೆ ಬಳಸಿದ ಇನ್ನೆರಡು ಪ್ರಸಂಗಗಳಿವೆ. ದೆಹಲಿಯ ಬಸ್ಸಿನಲ್ಲಿ 2012ರ ಡಿಸೆಂಬರ್‌ನಲ್ಲಿ ನಡೆದ ಅತ್ಯಾಚಾರದ ನಂತರ, 2013ರ ಜನವರಿಯಲ್ಲಿ ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿ ಕೆಲವು ಯುವಕರು ಸ್ಕರ್ಟ್ ತೊಟ್ಟು ಸೇರಿದರು. 2015ರ ಫೆಬ್ರವರಿಯಲ್ಲಿ ಟರ್ಕಿಯಲ್ಲಿ ಓಜ್ಗೆಜಾನ್ ಅಸ್ಲಾನ್ ಎಂಬ ವಿದ್ಯಾರ್ಥಿನಿಯ ಕೊಲೆಯಾದಾಗ ಇಸ್ತಾಂಬುಲಿನ ಬೀದಿಯಲ್ಲಿ ಗಂಡಸರು ಮಿನಿಸ್ಕರ್ಟ್ ತೊಟ್ಟು ನಡೆದರು. ಹೆಣ್ಣಿನ ಉಡುಪೇ ಅತ್ಯಾಚಾರಕ್ಕೆ ಕಾರಣ ಎನ್ನುವವರಿಗೆ ಕೊಟ್ಟ ಉತ್ತರ ಇದು. ಪ್ರಶ್ನೆಯನ್ನು ಹೆಣ್ಣಿನ ಬಟ್ಟೆಯಿಂದ ಗಂಡಿನ ಕಣ್ಣಿಗೆ ತಿರುಗಿಸಿದ್ದು ಅವರ ಸಾಧನೆ, ಅದನ್ನು ಕಡೆಗಣಿಸಬಾರದು. ಆದರೆ ಕಬ್ಬನ್ ಪಾರ್ಕಿನ ಸ್ಕರ್ಟು ಒಂದು ಮಧ್ಯಾಹ್ನದ್ದು. ಸುತ್ತ ಗೆಳೆಯರಿದ್ದರು, ಕ್ಯಾಮೆರಾಗಳಿದ್ದವು. ಮೆಜೆಸ್ಟಿಕ್ಕಿನಿಂದ ರಾತ್ರಿ ಕೊನೆಯ ಬಸ್ಸಿಗೆ ಕಾಯುವ ಗಾರ್ಮೆಂಟ್ಸ್ ಹುಡುಗಿಗೆ ಇರುವ ಭಯ ಆ ಸ್ಕರ್ಟಿಗೆ ಅಂಟಿರಲಿಲ್ಲ. ಅವಳು ತೊಡುವುದು ಸ್ಕರ್ಟನ್ನಲ್ಲ, ಚೂಡಿದಾರವನ್ನು. ಭಯ ಮಾತ್ರ ಅಷ್ಟೇ.

ಅದೇ ಬೆಂಗಳೂರಿನಲ್ಲಿ, ಆ ಯುವಕರಿಗಿಂತ ಬಹಳ ಮೊದಲಿನಿಂದ, ಗಂಡಾಗಿ ಹುಟ್ಟಿ ಸೀರೆ ಉಟ್ಟು ಬೀದಿಯಲ್ಲಿ ನಡೆದವರಿದ್ದಾರೆ. ಹಿಜಡಾ, ಮಂಗಳಮುಖಿ, ಜೋಗಪ್ಪ ಎಂದು ಅವರನ್ನು ಕರೆಯುತ್ತೇವೆ. ಅವರಲ್ಲಿ ಬಹುಪಾಲು ಜನ ತಮ್ಮನ್ನು ಹೆಣ್ಣೆಂದೇ ಕಾಣುವುದರಿಂದ ‘ಲಂಗ ತೊಟ್ಟ ಗಂಡಸರು’ ಎಂಬ ಮಾತು ಅವರಿಗೆ ಸಲ್ಲದು. ಆದರೆ ಬೀದಿ ಅವರನ್ನು ನೋಡುವುದು ಆ ಕಣ್ಣಿನಿಂದಲೇ. ಬೀದಿಯಲ್ಲಿ, ಠಾಣೆಯಲ್ಲಿ ಅವರು ಅನುಭವಿಸುವ ಹಿಂಸೆಯನ್ನು ಪಿಯುಸಿಎಲ್‌ನ ಕರ್ನಾಟಕ ಘಟಕ 2003ರಲ್ಲೇ ವರದಿಯಾಗಿ ಪ್ರಕಟಿಸಿತ್ತು. ಅದು ನ್ಯೂಯಾರ್ಕಿನಲ್ಲಿ ಆ ಪ್ರದರ್ಶನ ತೆರೆದ ವರ್ಷವೇ! ನಮ್ಮ ಸಮಾಜ ಯಕ್ಷಗಾನದ ಸ್ತ್ರೀವೇಷಧಾರಿಯನ್ನು ರಾತ್ರಿಯಿಡೀ ಕಣ್ಣರಳಿಸಿ ನೋಡುತ್ತದೆ, ಎಲ್ಲಮ್ಮನ ಜೋಗಪ್ಪನ ಕೈಯಿಂದ ಹರಕೆ ಪಡೆಯುತ್ತದೆ, ಆದರೆ ಆಮೇಲೆ ಬಾಡಿಗೆಗೆ ಮನೆ ಕೊಡುವುದಿಲ್ಲ. ಮಂಜಮ್ಮ ಜೋಗತಿ 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದದ್ದು, 2021ರಲ್ಲಿ ಪದ್ಮಶ್ರೀ ಪಡೆದದ್ದು ಸಂತೋಷದ ಸಂಗತಿ. ರಂಗಸ್ಥಳದ ಹೊರಗೆ ಸಿಗುವ ಗೌರವ ಇನ್ನೂ ಹೀಗೆ ಬೆರಳೆಣಿಕೆಯದು.

ಯುರೋಪಿನಲ್ಲೂ ಸ್ಥಿತಿ ಬಹಳ ಬೇರೆಯಲ್ಲ. 2017ರ ಜೂನ್ ತಿಂಗಳ ಬಿಸಿಲಿನಲ್ಲಿ ಇಂಗ್ಲೆಂಡಿನ ಎಕ್ಸೆಟರ್ ನಗರದ ಶಾಲೆಯೊಂದರ ಹುಡುಗರು ಚಡ್ಡಿಗೆ ಅನುಮತಿ ಸಿಗದೆ ಸ್ಕರ್ಟ್ ತೊಟ್ಟು ತರಗತಿಗೆ ಬಂದರು. ಅದೇ ದಿನಗಳಲ್ಲಿ ಫ್ರಾನ್ಸಿನ ನಾಂಟ್ ನಗರದ ಬಸ್ ಚಾಲಕರೂ ಹಾಗೆಯೇ ಮಾಡಿದರು. ಎರಡೂ ಕಡೆ ಆಡಳಿತ ಚಡ್ಡಿಗೆ ಒಪ್ಪಿತು, ಸ್ಕರ್ಟು ಮರಳಿ ಹುಡುಗಿಯರ ಕಪಾಟಿಗೆ ಹೋಯಿತು. ಜಾಣತನದ ಹೋರಾಟ, ಸಂದೇಹವಿಲ್ಲ. ಆದರೆ ಅದು ಗೆದ್ದದ್ದು ಸ್ಕರ್ಟ್ ತೊಟ್ಟ ಗಂಡಸನ್ನು ನೋಡಲು ಆಡಳಿತಕ್ಕೆ ನಾಚಿಕೆಯಾದದ್ದರಿಂದ. ನಾಚಿಕೆಯನ್ನು ಬಳಸಿಕೊಂಡ ಹೋರಾಟ ನಾಚಿಕೆಯನ್ನು ಹಾಗೆಯೇ ಬಿಟ್ಟುಹೋಯಿತು.

ಧರ್ಮನಿಷ್ಠರು ಇಲ್ಲಿ ಒಂದು ಆಕ್ಷೇಪ ಎತ್ತಬಹುದು. ಗಂಡು ಹೆಣ್ಣನ್ನು, ಹೆಣ್ಣು ಗಂಡನ್ನು ಅನುಕರಿಸಬಾರದೆಂಬ ಪ್ರವಾದಿವಚನವಿದೆ. ಉಡುಪಿನ ವ್ಯತ್ಯಾಸ ಉಳಿಯಬೇಕು ಎಂದು. ಈ ನಿಲುವನ್ನು ಹೊಂದುವ ಹಕ್ಕು ಅವರಿಗಿದೆ. ಆದರೆ ಬೇರೆ ಎನ್ನುವುದು ಒಂದು, ಕೀಳು ಎನ್ನುವುದು ಇನ್ನೊಂದು. ಅನುಕರಣೆ ಬೇಡವೆಂಬ ಮಾತು ಗಂಡಿಗೂ ಹೆಣ್ಣಿಗೂ ಸಮನಾಗಿ ಅನ್ವಯಿಸುತ್ತದೆ. ಬಳೆಯ ಬೈಗುಳ ಒಂದೇ ದಿಕ್ಕಿನಲ್ಲಿ ಹರಿಯುತ್ತದೆ. ಗಂಡಸಿನಂತಿದ್ದಾಳೆ ಎಂಬುದು ನಮ್ಮಲ್ಲಿ ಎಷ್ಟೋ ಸಲ ಹೊಗಳಿಕೆ. ಹೆಂಗಸಿನಂತಿದ್ದಾನೆ ಎಂಬುದು ಎಂದೂ ಅಲ್ಲ. ವ್ಯತ್ಯಾಸವನ್ನು ಗೌರವಿಸುವವರಿಗೆ ಈ ಬೈಗುಳದ ಬಗ್ಗೆ ಉಳಿದವರಿಗಿಂತ ಹೆಚ್ಚು ಸಿಟ್ಟು ಬರಬೇಕು. ಇರಾನಿನ ಆ ಸಂಸದರಿಗೆ ಬಂದದ್ದು ಇಂತಹ ಸಿಟ್ಟು. ಗಂಡಸರು ಲಂಗ ತೊಡಬೇಕೆ ಎಂಬುದರಲ್ಲಿ ಭಿನ್ನಮತವಿರಲಿ, ಲಂಗವನ್ನು ಬೈಗುಳವಾಗಿ ಬಳಸಬಾರದು ಎಂಬುದರಲ್ಲಿ ಭಿನ್ನಮತಕ್ಕೆ ಎಡೆಯಿಲ್ಲ.

ಇನ್ನು ಪಂಚೆಯ ಮಾತು. 2014ರಲ್ಲಿ ಚೆನ್ನೈನ ಕ್ಲಬ್ಬೊಂದು ವೇಷ್ಟಿ ಉಟ್ಟ ಹೈಕೋರ್ಟ್ ನ್ಯಾಯಾಧೀಶರನ್ನೇ ಒಳಗೆ ಬಿಡದಿದ್ದಾಗ ತಮಿಳುನಾಡು ಸರ್ಕಾರ ಅಂತಹ ನಿರ್ಬಂಧಗಳ ವಿರುದ್ಧ ಕಾನೂನು ತಂದಿತು. 2024ರ ಜುಲೈನಲ್ಲಿ ಬೆಂಗಳೂರಿನ ಮಾಗಡಿ ರಸ್ತೆಯ ಮಾಲ್ ಒಂದರಲ್ಲಿ ಸಿನಿಮಾ ನೋಡಲು ಮಗನೊಂದಿಗೆ ಬಂದ ಹಾವೇರಿ ಕಡೆಯ ವೃದ್ಧ ರೈತರನ್ನು ಪಂಚೆ ಉಟ್ಟಿದ್ದಾರೆಂದು ತಡೆದರು. ನಾಡೇ ಸಿಟ್ಟಿಗೆದ್ದಿತು. ವಿಧಾನಸಭೆಯಲ್ಲಿ ಚರ್ಚೆಯಾಗಿ, ಮಾಲನ್ನು 7 ದಿನ ಮುಚ್ಚಿಸುವುದಾಗಿ ಸರ್ಕಾರ ಪ್ರಕಟಿಸಿತು. ಪಂಚೆ ಹೆಣ್ಣಿನ ಉಡುಪಲ್ಲ. ಆದರೂ ಅದು ಬಾಗಿಲಲ್ಲಿ ನಿಂತುಬಿಟ್ಟಿತು, ಏಕೆಂದರೆ ಏಣಿ ಒಂದೇ ಅಲ್ಲ. ಹಳ್ಳಿ, ಬಡತನ, ವಯಸ್ಸು ಎಂಬ ಮೆಟ್ಟಿಲುಗಳೂ ಇವೆ. ಅಂಗಡಿಯ ಗಾಜಿನ ಹಿಂದೆ ಸಾವಿರಾರು ರೂಪಾಯಿಯ ‘ಎಥ್ನಿಕ್’ ಧೋತಿಗೆ ಜಾಗವಿದೆ, ಹೊಲದಿಂದ ಬಂದ ಪಂಚೆಗಿಲ್ಲ.

ಆ ದಿನ ನಾಡು ತೋರಿದ ಸಿಟ್ಟು ನ್ಯಾಯವಾದುದು. ಉಡುಪಿನಿಂದ ಒಬ್ಬ ಮನುಷ್ಯನನ್ನು ಅಳೆಯಬಾರದೆಂದು ಎಲ್ಲ ಪಕ್ಷದವರೂ ಒಂದೇ ದನಿಯಲ್ಲಿ ಹೇಳಿದರು. ಆದರೆ ಅದೇ ಪಕ್ಷದವರು ನಾಳೆ ಯಾವುದೋ ಕಚೇರಿಯ ಮುಂದೆ ಬಳೆ, ಸೀರೆಯ ತಟ್ಟೆ ಹಿಡಿದು ನಿಲ್ಲುತ್ತಾರೆ, ಆಗ ಯಾವ ಸದನವೂ ಸಿಟ್ಟಾಗುವುದಿಲ್ಲ. ರೈತನ ಪಂಚೆಗೆ ಇರುವ ಮಾನ ರೈತನ ಹೆಂಡತಿಯ ಸೀರೆಗೆ ಏಕಿಲ್ಲ? ಅಂತಹ ಮೆರವಣಿಗೆಗಳಲ್ಲಿ ತಟ್ಟೆ ಹೊರಲು ಮುಂದೆ ನಿಲ್ಲಿಸುವುದು ಸಾಮಾನ್ಯವಾಗಿ ಮಹಿಳಾ ಘಟಕದವರನ್ನೇ. ಮುಂದಿನ ಸಲ ಆ ತಟ್ಟೆಯನ್ನು ಕೈಗೆ ಕೊಟ್ಟಾಗ ಅವರಲ್ಲಿ ಒಬ್ಬಾಕೆಯಾದರೂ ‘ಇದು ನನ್ನ ಕೈಯ ಬಳೆ, ನಿಮ್ಮ ಬೈಗುಳಕ್ಕೆ ಕೊಡಲಾರೆ’ ಎಂದು ಹಿಂದಿರುಗಿಸಲಿ. ಗಂಡಸರ ಲಂಗದ ಹತ್ತು ಪ್ರದರ್ಶನಗಳಿಂದ ಆಗದ ಕೆಲಸ ಅದೊಂದರಿಂದ ಆದೀತು.